ತಾಯಿಯನ್ನು ತೋರಿಸದವರಿಂದ ಮರಿ ತರಬೇಡಿ

ನಾಯಿಮರಿ ತರುವ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. ಹಿಂದೆ ಚಿಕ್ಕದಾಗಿ ಉತ್ತರ ಕೊಟ್ಟಿದ್ದೆ, ಸಾಲಲಿಲ್ಲ ಅನ್ನಿಸುತ್ತದೆ. ತಾಯಿಯನ್ನು ನೋಡದೆ ತಂದ ಮರಿಗಳು ಕಾಯಿಲೆ ಬಿದ್ದು ನನ್ನ ಕ್ಲಿನಿಕ್ಕಿನ ಟೇಬಲ್ ಮೇಲೆ ಬಂದು ಮಲಗುವುದು ನಿಂತಿಲ್ಲ. ಅದಕ್ಕೇ ಈ ಸಲ ಹೆಚ್ಚು ಜಾಗ ಈ ಪ್ರಶ್ನೆಗೆ.

ಪ್ರಶ್ನೆ: ಮನೆಯಲ್ಲಿ 6 ಮತ್ತು 9 ವರ್ಷದ ಮಕ್ಕಳಿದ್ದಾರೆ. ಲ್ಯಾಬ್ರಡಾರ್ ಮರಿ ತರಬೇಕೆಂದಿದ್ದೇವೆ. ಬ್ರೀಡರ್ ಒಬ್ಬರು ವಿಡಿಯೊ ಕಳಿಸಿದ್ದಾರೆ, ಮರಿ ತುಂಬ ಮುದ್ದಾಗಿದೆ. 35 ದಿನ ತುಂಬಿದೆಯಂತೆ. ತಾಯಿ ಬೇರೆ ಕಡೆ ಇದೆಯಂತೆ. ಪೇಪರ್ ಇದೆ, ಮುಂಗಡ ಹಾಕಿದರೆ ಮನೆಗೇ ತಂದುಕೊಡುತ್ತೇವೆ ಅಂತಾರೆ. ನಂಬಬಹುದಾ?

ನಂಬಬೇಡಿ, ಮುಂಗಡ ಹಾಕಬೇಡಿ.

35 ದಿನದ ಮರಿ ಇರಬೇಕಾದ್ದು ತಾಯಿಯ ಮಗ್ಗುಲಲ್ಲಿ. ತಾಯಿ ಬೇರೆ ಕಡೆ ಇದೆ ಅಂದರೆ ಒಂದೋ ಆ ಮನುಷ್ಯ ಎಲ್ಲಿಂದಲೋ ಮರಿ ತಂದು ಮಾರುತ್ತಿದ್ದಾನೆ, ಇಲ್ಲವೇ ಆ ತಾಯಿ ತೋರಿಸುವ ಸ್ಥಿತಿಯಲ್ಲಿಲ್ಲ. ಎರಡರಲ್ಲಿ ಯಾವುದಾದರೂ ಆ ಮರಿ ಬೇಡ.

ಮರಿಯನ್ನು ನೋಡಿ ಏನೂ ಗೊತ್ತಾಗುವುದಿಲ್ಲ. ಎಲ್ಲ ಮರಿಗಳೂ ಮುದ್ದಾಗೇ ಇರುತ್ತವೆ. ತಾಯಿಯನ್ನು ನೋಡಿ. ಹಾಲೂಡಿಸುವ ನಾಯಿಯ ಮೊಲೆ ಜೋತುಬಿದ್ದಿರುತ್ತದೆ, ಕೂದಲು ಉದುರಿರುತ್ತದೆ, ಸ್ವಲ್ಪ ಸೊರಗಿರುತ್ತದೆ. ಅದಕ್ಕೆ ಗಾಬರಿ ಬೇಡ. ಆದರೆ ಉಗುರು ಬೆಳೆದು ಸುರುಳಿ ತಿರುಗಿದೆಯಾ, ಮೊಣಕೈ ಮೇಲೆ ಹುಣ್ಣಿದೆಯಾ ನೋಡಿ. ಹಾಗಿದ್ದರೆ ಅದು ಬೋನಿನಲ್ಲೇ ದಿನ ಕಳೆಯುವ ನಾಯಿ. ನೀವು ಒಳಗೆ ಬಂದಾಗ ಬಾಲ ಆಡಿಸಿಕೊಂಡು ಬರುತ್ತದಾ, ಮೂಲೆ ಸೇರಿ ನಡುಗುತ್ತದಾ? ಅಂಜುಬುರುಕ ತಾಯಿಯ ಸ್ವಭಾವ ಮರಿಗೆ ರಕ್ತದಲ್ಲೂ ಬರುತ್ತದೆ, ನೋಡಿ ಕಲಿತೂ ಬರುತ್ತದೆ. ಹೆದರಿದ ನಾಯಿಯೇ ಮಕ್ಕಳಿಗೆ ಕಚ್ಚುವುದು ಜಾಸ್ತಿ.

ಇನ್ನು ವಯಸ್ಸು. 8 ವಾರ ತುಂಬುವ ಮೊದಲು ಮರಿ ತರಲೇಬೇಡಿ. ಐದರಿಂದ ಎಂಟನೇ ವಾರದವರೆಗೆ ಮರಿಗಳು ದಿನವಿಡೀ ಒಂದನ್ನೊಂದು ಕಚ್ಚಾಡುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂದು ಆಟ ಬಿಟ್ಟು ಹೋಗುತ್ತದೆ. ಹಲ್ಲನ್ನು ಎಷ್ಟು ಒತ್ತಬೇಕು ಅನ್ನುವುದು ಮರಿಗೆ ತಿಳಿಯುವುದು ಹೀಗೇ. ಆ ಪಾಠ ತಪ್ಪಿದ ಮರಿ ನಿಮ್ಮ ಮಕ್ಕಳ ಕೈಮೇಲೆ ಕಲಿಯಲು ಶುರು ಮಾಡುತ್ತದೆ. ಆಗ "ಮರಿ ಕಚ್ಚುತ್ತೆ ಡಾಕ್ಟ್ರೇ" ಅಂತ ನನ್ನ ಹತ್ತಿರ ಬರುತ್ತೀರಿ.

"ಪೇಪರ್ ಇದೆ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಪೆಡಿಗ್ರಿ ಪೇಪರ್ ಹೇಳುವುದು ಅಪ್ಪ ಯಾರು, ಅಮ್ಮ ಯಾರು ಅಂತ ಮಾತ್ರ. ಆರೋಗ್ಯದ ಬಗ್ಗೆ ಅದರಲ್ಲಿ ಒಂದಕ್ಷರ ಇರುವುದಿಲ್ಲ. ಲ್ಯಾಬ್ರಡಾರ್ ತಳಿಗೆ ಸೊಂಟದ ಕೀಲು ಮತ್ತು ಮೊಣಕೈ ಕೀಲಿನ ದೋಷ ವಂಶದಿಂದ ಬರುತ್ತದೆ. ಆದ್ದರಿಂದ ಅಪ್ಪ, ಅಮ್ಮ ಇಬ್ಬರ ಎಕ್ಸ್‌ರೇ ವರದಿ ಕೇಳಿ. ಬ್ರಿಟನ್ನಿನ ಪದ್ಧತಿಯಲ್ಲಿ 1 ವರ್ಷ ತುಂಬಿದ ಮೇಲೆ ಈ ಎಕ್ಸ್‌ರೇಗೆ ಅಂಕ ಕೊಡುತ್ತಾರೆ. ಅಮೆರಿಕದ ಓಎಫ್‌ಎ ಸಂಸ್ಥೆ ಸೊಂಟದ ಕೀಲಿಗೆ ಪ್ರಮಾಣಪತ್ರ ಕೊಡುವುದು 2 ವರ್ಷ ತುಂಬಿದ ಮೇಲೆ. ತಾಯಿಗೆ ಒಂದೂವರೆ ವರ್ಷ, ಇದು ಎರಡನೇ ಸೂಲು ಅಂತ ಯಾರಾದರೂ ಹೇಳಿದರೆ, ಎಕ್ಸ್‌ರೇ ವಯಸ್ಸು ಬರುವ ಮೊದಲೇ ಅದನ್ನು ಕೂಡಿಸಿದ್ದಾರೆ ಅಂತ ಅರ್ಥ, ಅಲ್ಲಿಂದ ಎದ್ದು ಬನ್ನಿ. "ಎಕ್ಸ್‌ರೇ ಯಾಕೆ ಸಾರ್, ಹೇಗೆ ಓಡ್ತಾಳೆ ನೋಡಿ" ಅನ್ನುತ್ತಾರೆ. ಕೀಲು ಕೆಟ್ಟ ಎಷ್ಟೋ ನಾಯಿಗಳು ಎಳೆಯ ವಯಸ್ಸಿನಲ್ಲಿ ಚೆನ್ನಾಗೇ ಓಡುತ್ತವೆ.

ನಿಧಾನವಾಗಿ ಕುರುಡು ಬರಿಸುವ ಪಿಆರ್‌ಎ ಅನ್ನುವ ಕಣ್ಣಿನ ಕಾಯಿಲೆಗೂ ಡಿಎನ್‌ಎ ಪರೀಕ್ಷೆ ಇದೆ. ವರದಿಯಲ್ಲಿ "ಕ್ಯಾರಿಯರ್" (ದೋಷವನ್ನು ಹೊತ್ತಿದೆ, ಆದರೆ ಅದಕ್ಕೆ ಕಾಯಿಲೆ ಬರುವುದಿಲ್ಲ) ಅಂತ ಕಂಡರೆ ಹೆದರಿ ಓಡಬೇಡಿ. ಇನ್ನೊಂದು ನಾಯಿಯಲ್ಲಿ ಆ ದೋಷ ಇಲ್ಲದಿದ್ದರೆ ಮರಿಗಳಿಗೆ ಆ ಬಗೆಯ ಕಾಯಿಲೆ ಬರುವುದಿಲ್ಲ. ಇದನ್ನು ಮುಚ್ಚಿಡದೆ ತೋರಿಸುವ ಬ್ರೀಡರ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಲಸಿಕೆ ಕಾರ್ಡಿನ ವಿಷಯಕ್ಕೆ ಬಂದರೆ ಆ ಒಂದು ಮರಿಯನ್ನು ಮರೆಯಲು ಆಗುತ್ತಿಲ್ಲ. ಹುಡುಗಿಯೊಬ್ಬಳು ತನ್ನ ಸ್ವೆಟರಿನಲ್ಲಿ ಸುತ್ತಿ ತಂದಿದ್ದಳು. ಮರಿ ಮನೆಗೆ ಬಂದು ನಾಲ್ಕೇ ದಿನ. ಕಾರ್ಡಿನಲ್ಲಿ ಮೂರು ತಾರೀಖು, ಮೂರೂ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಸಲ ಕೂತು ಬರೆದ ಹಾಗೆ. ಲಸಿಕೆ ಸೀಸೆಯ ಸ್ಟಿಕರ್ ಇಲ್ಲ, ವೈದ್ಯರ ಸಹಿ ಇಲ್ಲ. ಹುಟ್ಟಿದ ದಿನದಿಂದ ಎಣಿಸಿದರೆ ಮೊದಲ ಲಸಿಕೆ 19ನೇ ದಿನಕ್ಕೆ! ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಅಷ್ಟು ಬೇಗ ಲಸಿಕೆಯನ್ನು ಹತ್ತಲು ಬಿಡುವುದಿಲ್ಲ. ಅದಕ್ಕೇ 6ರಿಂದ 8ನೇ ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ, 16 ವಾರ ಆಗುವವರೆಗೆ ಮತ್ತೆ ಮತ್ತೆ ಹಾಕುತ್ತೇವೆ. ಆ ಮರಿಗೆ ಪಾರ್ವೋ ಅನ್ನುವ, ವಾಂತಿ ಭೇದಿ ಬರಿಸುವ ವೈರಸ್ ಕಾಯಿಲೆ ಬಂದಿತ್ತು. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಬಹುಶಃ ಮಾರಿದ ಜಾಗದಲ್ಲೇ ಹತ್ತಿಸಿಕೊಂಡು ಬಂದಿತ್ತು. ಎರಡು ರಾತ್ರಿ ಡ್ರಿಪ್ ಹಾಕಿದೆವು, ಉಳಿಯಲಿಲ್ಲ. ಹುಡುಗಿ ಸ್ವೆಟರ್ ವಾಪಸ್ ಕೇಳಲಿಲ್ಲ.

ಹಾಗಾದರೆ ಒಳ್ಳೆಯ ಬ್ರೀಡರ್ ಹೇಗಿರುತ್ತಾರೆ? ನೀವು ಕೇಳುವುದಕ್ಕಿಂತ ಅವರೇ ನಿಮ್ಮನ್ನು ಜಾಸ್ತಿ ಕೇಳುತ್ತಾರೆ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಮಕ್ಕಳು ಎಷ್ಟು ದೊಡ್ಡವರು, ಹಿಂದೆ ಇದ್ದ ನಾಯಿ ಏನಾಯಿತು ಅಂತೆಲ್ಲ. ಬೇಸರ ಮಾಡಿಕೊಳ್ಳಬೇಡಿ, ಒಳ್ಳೆಯದೇ ಅಲ್ವಾ? ಎಷ್ಟೋ ಸಲ "ಈಗ ಮರಿ ಇಲ್ಲ, ಕಾಯಬೇಕು" ಅನ್ನುತ್ತಾರೆ. ಕಾಯಿರಿ. "ಮುಂದೆ ಸಾಕಲು ಆಗದಿದ್ದರೆ?" ಅಂತ ಕೇಳಿ ನೋಡಿ. "ಯಾರಿಗೂ ಕೊಡಬೇಡಿ, ನನಗೇ ತಂದುಬಿಡಿ" ಅಂದರೆ ಅರ್ಧ ಪರೀಕ್ಷೆ ಪಾಸು. ನಾನಾಗಿದ್ದರೆ ಎರಡು ಸಲ ಹೋಗಿ ನೋಡುತ್ತಿದ್ದೆ. ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ಮಗುವಿನ ತೊಡೆ ಮೇಲೆ ಮರಿ ಮಲಗಿದ ಮೇಲೆ ಬೇಡ ಅನ್ನಲು ಯಾರಿಂದಲೂ ಆಗುವುದಿಲ್ಲ.

ಇನ್ನೊಂದು ಮಾತು, ಹೇಳಲು ನನಗೂ ಕಷ್ಟ. ಕೊಳಕು ಬೋನಿನಲ್ಲಿ ಮರಿಯನ್ನು ನೋಡಿ "ಪಾಪ, ಇದನ್ನಾದರೂ ಉಳಿಸೋಣ" ಅಂತ ದುಡ್ಡು ಕೊಟ್ಟು ತರಬೇಡಿ. ಆ ದುಡ್ಡು ನೋಡಿ ಮುಂದಿನ ಬೆದೆಗೇ ಆ ತಾಯಿಯನ್ನು ಮತ್ತೆ ಕೂಡಿಸುತ್ತಾರೆ. ಅದರ ಬದಲು ಪ್ರಾಣಿ ಹಿಂಸೆ ಅಂತ ದೂರು ಕೊಡಿ.

ಪ್ರಶ್ನೆ: ಬಾಯಿಯ ಅಂಗುಳ ಕಪ್ಪಗಿದ್ದರೆ ನಾಯಿ ಜೋರಾಗುತ್ತದಂತೆ, ನಿಜವಾ?

ಸುಳ್ಳು. ಉಗುರು ಎಣಿಸಿ ಜಾತಿ ನಾಯಿ ಅನ್ನುವುದೂ ಸುಳ್ಳು.

ಪ್ರಶ್ನೆ: ಟೀಕಪ್ ಅನ್ನುವ ಪುಟಾಣಿ ನಾಯಿ ತಳಿ ಮಕ್ಕಳಿಗೆ ಒಳ್ಳೆಯದಾ?

ಹಾಗೊಂದು ತಳಿಯೇ ಇಲ್ಲ. ತೂಕ ಬರದ ಮರಿಗೆ ಚಂದದ ಹೆಸರಿಟ್ಟು ಮಾರುತ್ತಾರೆ. ಒಂದು ಹೊತ್ತು ತಿನ್ನದಿದ್ದರೆ ಸಕ್ಕರೆ ಇಳಿದು ಬೀಳುವ ಮರಿ ಅದು. ಮಕ್ಕಳ ಕೈಗೆ ಬೇಡವೇ ಬೇಡ.

ಪ್ರಶ್ನೆ: ವಾಂತಿ, ಭೇದಿ ಆದರೆ ಬೆಳ್ಳುಳ್ಳಿ ರಸ ಕುಡಿಸಿ ಅಂತ ಮರಿ ಕೊಟ್ಟವರು ಹೇಳಿದ್ದಾರೆ. ಕುಡಿಸಬಹುದಾ?

ಖಂಡಿತ ಬೇಡ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ವೈದ್ಯಕೀಯ ಓದದವರು ಹೀಗೆ ಔಷಧಿ ಹೇಳುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮರಿ ಪದೇ ಪದೇ ವಾಂತಿ ಮಾಡಿದರೆ, ಭೇದಿಯಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಹೊರಡಿ.

ಪ್ರಶ್ನೆ: ತಾಯಿಯನ್ನು ನೋಡದೆ ಮರಿ ತಂದಾಯಿತು. ಈಗೇನು ಮಾಡುವುದು?

ಇವತ್ತೇ ವೈದ್ಯರ ಹತ್ತಿರ ಹೋಗಿ. ಇವತ್ತಿನ ಮಲವನ್ನು ಚಿಕ್ಕ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಜಂತು ಇದೆಯಾ ನೋಡುತ್ತಾರೆ. ಕಾರ್ಡನ್ನೂ ತೋರಿಸಿ. ಸ್ಟಿಕರ್, ಸಹಿ ಇಲ್ಲದಿದ್ದರೆ ಲಸಿಕೆ ಹಾಕಿಲ್ಲ ಅಂತಲೇ ಲೆಕ್ಕ, ಮೊದಲಿಂದ ಶುರು ಮಾಡಿಸಿ. ಅದು ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ಕಡೆ ಮರಿಯನ್ನು ನೆಲಕ್ಕೆ ಬಿಡಬೇಡಿ. ಹಾಗಂತ ಮನೆಯೊಳಗೇ ಕೂಡಿಹಾಕಲೂ ಬೇಡಿ. ಎತ್ತಿಕೊಂಡು ಹೊರಗೆ ಹೋಗಿ. ಗಾಡಿ, ಜನ, ಸದ್ದು ಎಲ್ಲವನ್ನೂ ನಿಮ್ಮ ತೋಳಿನಿಂದಲೇ ನೋಡಲಿ.