ಕನಸಿನ ಹೊಡೆದಾಟ ಹಾಸಿಗೆಗೆ ಬಂದಾಗ

ಪ್ರಶ್ನೆ: ನನ್ನ ಪತಿಗೆ 63 ವರ್ಷ. ಒಂದು ವರ್ಷದಿಂದ ಬೆಳಗಿನ ಜಾವ ನಿದ್ದೆಯಲ್ಲೇ ಬೈಯುತ್ತಾರೆ, ಒದೆಯುತ್ತಾರೆ. ಮೊನ್ನೆ ಅವರು ಬೀಸಿದ ಕೈ ನನ್ನ ಕಣ್ಣಿನ ಬಳಿ ತಾಗಿ ಬಾತುಕೊಂಡಿತು. ಎಬ್ಬಿಸಿದರೆ ಕಳ್ಳನನ್ನು ಅಟ್ಟುತ್ತಿದ್ದೆ ಎನ್ನುತ್ತಾರೆ. ಊರಿನ ನೆಂಟರು ದೈವದ ದೋಷವಿರಬೇಕು, ಪ್ರಶ್ನೆ ಇಡಿಸಿ ಎನ್ನುತ್ತಿದ್ದಾರೆ. ನಿದ್ದೆ ಮಾತ್ರೆ ಕೊಡಬಹುದೇ?
– ಓದುಗರೊಬ್ಬರು, ಘಾಟ್ಕೋಪರ್, ಮುಂಬೈ

ಉತ್ತರ: ಇದು ಬೆಳಗಿನ ಜಾವ ನಡೆಯುತ್ತದೆ, ಎಬ್ಬಿಸಿದ ಕೂಡಲೇ ಅವರು ಕನಸನ್ನು ಹೇಳುತ್ತಾರೆ ಎಂಬ ಎರಡು ಸಂಗತಿಗಳು ಬಹಳ ಮುಖ್ಯ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ನಿದ್ದೆನಡಿಗೆ ರಾತ್ರಿಯ ಮೊದಲ ಭಾಗದ ಗಾಢನಿದ್ದೆಯಲ್ಲಿ ಬರುತ್ತದೆ. ಬೆಳಿಗ್ಗೆ ಸಾಮಾನ್ಯವಾಗಿ ಏನೂ ನೆನಪಿರುವುದಿಲ್ಲ. ನಿಮ್ಮ ಪತಿಗಿರುವುದು ‘ರೆಮ್ ನಿದ್ರಾ ವರ್ತನೆಯ ದೋಷ’ ಇರಬಹುದು. ಕನಸುಗಳು ದಟ್ಟವಾಗಿ ಬೀಳುವ ರೆಮ್ ಹಂತದಲ್ಲಿ ಮೆದುಳಿನ ಕಾಂಡವು ಕೈಕಾಲುಗಳ ಸ್ನಾಯುಗಳನ್ನು ಸಡಿಲಗೊಳಿಸಿ ಚಲನೆಯನ್ನು ತಡೆದಿಡುತ್ತದೆ. ಆ ತಡೆ ಕೆಟ್ಟಾಗ ಕನಸಿನಲ್ಲಿ ಎತ್ತಿದ ಕೈ ನಿಜವಾಗಿಯೂ ಮೇಲೇಳುತ್ತದೆ. 1986ರಲ್ಲಿ ಅಮೆರಿಕದ ವೈದ್ಯರಾದ ಶೆಂಕ್ ಮತ್ತು ಮಾಹೋವಾಲ್ಡ್ ಮತ್ತವರ ಸಂಗಡಿಗರು ವಿವರಿಸಿದ ಈ ಕಾಯಿಲೆ, 50 ದಾಟಿದ ಗಂಡಸರಲ್ಲೇ ಹೆಚ್ಚು ಪತ್ತೆಯಾಗುತ್ತದೆ. ಆ ಏಟಿನಲ್ಲಿ ನಿಮ್ಮ ಮೇಲಿನ ಸಿಟ್ಟಿಲ್ಲ. ಇದನ್ನು ಅವರಿಗೂ ಹೇಳಿ, ಏಕೆಂದರೆ ಇಂಥ ಗಂಡಂದಿರು ನಾಚಿಕೆಯಿಂದ ವೈದ್ಯರ ಬಳಿ ಬಾಯಿಬಿಡುವುದಿಲ್ಲ.

ಇಂದೇ ಮಾಡಬೇಕಾದ ಕೆಲಸ ಬೇರೆ ಇದೆ. ಮಂಚ ಬಿಟ್ಟು ನೆಲದ ಮೇಲೆ ಹಾಸಿಗೆ ಹಾಕಿ. ಸ್ಟೀಲ್ ಕಪಾಟಿನ ಅಂಚು, ಗಾಜಿನ ಲೋಟ, ಟೇಬಲ್ ಫ್ಯಾನ್ ಕೈಗೆಟುಕದಂತಿರಲಿ. ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಬೇರೆ ಮಲಗುವುದು ಕಷ್ಟವೆಂದು ಬಲ್ಲೆ, ಆದರೂ ಚಿಕಿತ್ಸೆ ಹಿಡಿತಕ್ಕೆ ತರುವವರೆಗೆ ನಡುವೆ ಅಂತರವಿರಲೇಬೇಕು.

ನಿದ್ದೆ ಮಾತ್ರೆಯನ್ನು ನೀವಾಗಿ ಖಂಡಿತ ಕೊಡಬೇಡಿ. ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಕೂಡ ಇದೇ ರೀತಿ ಕಾಣಬಹುದು, ಮಾತ್ರೆ ಅದನ್ನು ಉಲ್ಬಣಗೊಳಿಸಬಹುದು. ಖಿನ್ನತೆಯ ಕೆಲವು ಔಷಧಿಗಳಿಂದಲೂ ಈ ತೊಂದರೆ ಬರುವುದುಂಟು. ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ, ಆದರೆ ಯಾವುದನ್ನೂ ತಾವಾಗಿ ನಿಲ್ಲಿಸಬೇಡಿ. ಪರೇಲ್‌ನ ಕೆಇಎಂನಂಥ ದೊಡ್ಡ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಹೋಗಿ. ರಾತ್ರಿಯಿಡೀ ಮೆದುಳಿನ ಅಲೆ, ಉಸಿರಾಟ, ಸ್ನಾಯುಗಳ ಬಿಗಿತವನ್ನು ವಿಡಿಯೊ ಸಹಿತ ದಾಖಲಿಸುವ ಪಾಲಿಸೋಮ್ನೋಗ್ರಫಿಯೇ ಖಚಿತ ಪರೀಕ್ಷೆ. ಔಷಧಿಗಳಲ್ಲಿ ಮೆಲಟೋನಿನ್ ಮತ್ತು ಕ್ಲೊನಾಜೆಪಾಮ್ ಮುಖ್ಯವಾದವು. ಎರಡನೆಯದು ವಯಸ್ಸಾದವರಲ್ಲಿ ಮಂಪರು ತಂದು ಬೀಳಿಸಬಹುದಾದ್ದರಿಂದ ಅನೇಕರಿಗೆ ಮೊದಲು ಮೆಲಟೋನಿನ್ ಕೊಡಲಾಗುತ್ತದೆ.

ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಬೇರೆ ಕಾರಣವಿಲ್ಲದೆ ಬರುವ ಈ ದೋಷ ಅನೇಕರಲ್ಲಿ ಪಾರ್ಕಿನ್ಸನ್ (ಕೈ ನಡುಗಿ, ಚಲನೆ ನಿಧಾನವಾಗುವ ನರರೋಗ) ಅಥವಾ ಅದರ ಜಾತಿಯ ಕಾಯಿಲೆಗೆ ವರ್ಷಗಟ್ಟಲೆ ಮುಂಚಿನ ಸೂಚನೆಯಾಗಿರುತ್ತದೆ. ಅದನ್ನು ತಡೆಯುವ ಔಷಧಿ ಇನ್ನೂ ಇಲ್ಲ, ಆದರೆ ನಿಯಮಿತ ತಪಾಸಣೆಯಿಂದ ಬೇಗ ಗುರುತಿಸಬಹುದು. ಅವರಿಗೆ ವಾಸನೆ ತಿಳಿಯುವುದು ಕಡಿಮೆಯಾಗಿದೆಯೇ, ಮಲಬದ್ಧತೆ ಇದೆಯೇ, ಕೈ ನಡುಗುತ್ತದೆಯೇ, ನಡಿಗೆ ನಿಧಾನವಾಗಿದೆಯೇ ಎಂದು ಗಮನಿಸಿ ಬರೆದಿಡಿ. ಮೊಬೈಲಿನಲ್ಲಿ ಒಂದು ರಾತ್ರಿಯ ವಿಡಿಯೊ ತೆಗೆದುಕೊಂಡು ನೀವೇ ಜೊತೆಗೆ ಹೋಗಿ. ರಾತ್ರಿ ನಡೆದದ್ದನ್ನು ಕಣ್ಣಾರೆ ಕಂಡವರು ನೀವೊಬ್ಬರೇ.