ಸ್ಕೂಟಿಗೆ ಅಡ್ಡ ಬಾರದ ಧರ್ಮ

ನಮಸ್ಕಾರ ಮೇಡಂ,

ಮೈಸೂರಿನ ‘ಟ್ರಿಣ್ ಟ್ರಿಣ್’ ಥರದ ಬಾಡಿಗೆ ಸೈಕಲ್ ಹಾಸನಕ್ಕೂ ಬಂದರೆ ಹೆಂಗಸರು ಹತ್ತುತ್ತಾರಾ, ಧರ್ಮ, ಸಂಪ್ರದಾಯ ಬಿಡುತ್ತವಾ ಅಂತ ಕೇಳಿದ್ದೀರಿ. ‘ಮದುವೆಯಾದವಳು ಸೈಕಲ್ ತುಳಿಯೋದಾ?’ ಅಂತ ನಿಮ್ಮ ಅತ್ತೆಯವರು ಅಂದರಂತೆ. ಪಕ್ಕದ ಮನೆಯ ಬುರ್ಖಾ ಹಾಕುವ ಹುಡುಗಿಗೂ ಮನೆಯಲ್ಲಿ ಬೇಡ ಅಂದಿದ್ದಾರಂತೆ.

ಬೆಳಿಗ್ಗೆ ಬಿ.ಎಂ. ರಸ್ತೆಯಲ್ಲಿ ಸುಮ್ನೆ ನಿಂತು ನೋಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಟೀಚರು, ಬುರ್ಖಾ ಹಾಕಿದ ಕಾಲೇಜು ಹುಡುಗಿ, ಮುಂದೆ ಮಗುವನ್ನು ನಿಲ್ಲಿಸಿಕೊಂಡ ತಾಯಿ, ಎಲ್ಲರೂ ಸ್ಕೂಟಿಯಲ್ಲೇ. ಅತ್ತೆಯಂದಿರೂ ಹಿಂದೆ ಕೂತು ಹಾಸನಾಂಬೆ ದರ್ಶನಕ್ಕೆ ಹೋಗಿಬರ್ತಾರೆ. ಸ್ಕೂಟಿಗೆ ಒಪ್ಪಿದ ಧರ್ಮ ಸೈಕಲ್ಲಿಗೆ ಮಾತ್ರ ಮುನಿಸಿಕೊಳ್ಳುತ್ತಾ?

ಇರಾನಿನಲ್ಲಿ ಹೆಂಗಸರು ಕಾರು ಓಡಿಸುತ್ತಾರೆ. ಆದರೂ 2016ರಲ್ಲಿ, ಆಗ ಅಲ್ಲಿನ ಪರಮೋಚ್ಚ ನಾಯಕರಾಗಿದ್ದ ಖಮೇನಿ ಅವರು ಹೆಂಗಸರು ಗಂಡಸರ ಎದುರು ಸೈಕಲ್ ಹೊಡೆಯಬಾರದು ಅಂದರು. ಸೌದಿಯಲ್ಲಿ ಇದು ತಿರುಗಾಮುರುಗಾ. 2013ರಲ್ಲಿ, ಮೈತುಂಬ ಬಟ್ಟೆ ಹಾಕಿ, ಮನೆಯ ಗಂಡಸು ಜೊತೆಗಿದ್ದರೆ ಪಾರ್ಕಿನಲ್ಲಿ ಸೈಕಲ್ ಆಗಬಹುದು ಅಂದರು. ಕಾರು ಓಡಿಸುವ ಒಪ್ಪಿಗೆ ಜಾರಿಗೆ ಬಂದದ್ದು 2018ರಲ್ಲಿ. ಧರ್ಮ ಒಂದೇ, ಕಟ್ಟಳೆ ಬೇರೆ ಬೇರೆ. ಕಾಯುತ್ತಿರುವುದು ದೇವರನ್ನಲ್ಲ, ಗಂಡಸರ ಕಣ್ಣನ್ನು.

ನಮ್ಮಲ್ಲಿ ಇದಕ್ಕೆ ಅಂತಸ್ತೂ ಸೇರಿದೆ. ಸೈಕಲ್ ಅಂದರೆ ಮಕ್ಕಳದ್ದು, ಇಲ್ಲದವರದ್ದು. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಟ್ಟಾಗ ಹುಡುಗಿಯರೂ ಸಾಲಾಗಿ ಹೈಸ್ಕೂಲಿಗೆ ಬಂದರು. ಪಿಯುಸಿ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಆ ಸೈಕಲ್ ತಮ್ಮನ ಪಾಲು, ಇಲ್ಲಾ ಕೊಟ್ಟಿಗೆ ಪಾಲು. ಹುಡುಗಿ ‘ದೊಡ್ಡವಳಾದಳು’ ಅಲ್ವಾ!

ಯಾರ್ಯಾರೋ ಕೂತ ಸೀಟು ಅನ್ನುವ ಮಡಿಯ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಬಸ್ಸಿನ ಸೀಟಿಗೆ ಯಾರೂ ಮಡಿ ಕೇಳಲ್ಲ. ನಿಜವಾದ ಪೈಪೋಟಿ ಆ ಬಸ್ಸಿನದ್ದೇ. 2023ರಿಂದ ಶಕ್ತಿ ಯೋಜನೆಯಲ್ಲಿ ಫ್ರೀ ಓಡಾಟ ಇರುವಾಗ ದುಡ್ಡು ಕೊಟ್ಟು ಪೆಡಲ್ ತುಳಿಯೋದು ಯಾಕೆ ಅಂತ ಕೇಳಿದರೆ ತಪ್ಪಿಲ್ಲ.

ತಮಿಳುನಾಡಿನ ಪುದುಕೋಟೆ ನೆನಪಾಗುತ್ತೆ. 1990ರ ದಶಕದ ಶುರುವಿನಲ್ಲಿ ಕಲೆಕ್ಟರ್ ಆಗಿದ್ದ ಶೀಲಾ ರಾಣಿ ಚುಂಕತ್ ಸಾಕ್ಷರತಾ ಚಳವಳಿಗೆ ಸೈಕಲ್ ಕಲಿಕೆಯನ್ನೂ ಸೇರಿಸಿದರು. ಕಲ್ಲು ಕ್ವಾರಿಯ ಕೂಲಿ ಹೆಂಗಸರು, ಮುಸ್ಲಿಂ ಹೆಂಗಸರು, ಟೀಚರುಗಳು, ಸಾವಿರಗಟ್ಟಲೆ ಜನ ಕಲಿತರು. ಲೇಡೀಸ್ ಸೈಕಲ್ ಸಾಲದೆ ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು. ಕೆಲವರಿಗೆ ಅದೇ ಇಷ್ಟವಾಯಿತು, ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ! ಆಡಿಕೊಳ್ಳುವವರು ಅಲ್ಲೂ ಇದ್ದರು. ಒಬ್ಬಳನ್ನು ಆಡಿಕೊಳ್ಳಬಹುದು, ಊರಿಗೆ ಊರೇ ತುಳಿದರೆ ಯಾರನ್ನು ಅಂತ ಆಡಿಕೊಳ್ಳೋದು?

ಹಾಗಾಗಿ ಹಾಸನಕ್ಕೆ ಸೈಕಲ್ ಬಂದರೆ ಮೊದಲ ಸ್ಟ್ಯಾಂಡು ಹೆಣ್ಣುಮಕ್ಕಳ ಹಾಸ್ಟೆಲ್ ಮುಂದಿರಲಿ. ಸೆರಗು, ದುಪಟ್ಟಾ ಸಿಕ್ಕಿಕೊಳ್ಳದಂತೆ ಚೈನಿಗೆ ಪೂರಾ ಕವರ್ ಇರಲಿ. ಪಕ್ಕದ ಮನೆಯ ಹುಡುಗಿಯನ್ನು ಮಾತ್ರ ಒಬ್ಬಳನ್ನೇ ಮುಂದೆ ಬಿಡಬೇಡಿ. ಅವಳ ಗೆಳತಿಯರ ಜೊತೆ ನೀವೂ ಹೊರಡಿ.

– ಸಂ.