ಕಪ್ಪು ನೀರು, ಕಪ್ಪಾದ ಕಾಲ್ಗೆಜ್ಜೆ

ಪ್ರಶ್ನೆ: ನಮ್ಮೂರು ಬೈರಮಂಗಲ ಕೆರೆಯ ಹತ್ತಿರ. ವೃಷಭಾವತಿ ನೀರು ಕಪ್ಪಗೆ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಮಗಳ ಬೆಳ್ಳಿ ಕಾಲ್ಗೆಜ್ಜೆ ಎಷ್ಟು ಉಜ್ಜಿದರೂ ಬೇಗ ಕಪ್ಪಾಗುತ್ತದೆ. ‘ಹರಿಯೋ ನೀರು ತಾನಾಗೇ ಶುದ್ಧ ಆಗುತ್ತೆ’ ಎನ್ನುತ್ತಾರೆ ನಮ್ಮ ತಂದೆ. ಇದೇಕೆ ಆಗುತ್ತಿಲ್ಲ? ಒಳ್ಳೆಯ ಬ್ಯಾಕ್ಟೀರಿಯಾ ತಂದು ಸುರಿದರೆ ಸರಿಹೋದೀತಾ?
- ಓದುಗರೊಬ್ಬರು, ಬಿಡದಿ

ಉತ್ತರ: ನಿಮ್ಮ ತಂದೆಯವರ ಮಾತು ಸುಳ್ಳಲ್ಲ. ನಾನು ತೀರ್ಥಹಳ್ಳಿಯವಳು, ತುಂಗೆಯಲ್ಲಿ ಈಜು ಕಲಿತವಳು. ಹೊಳೆಯ ಕಲ್ಲಿನ ಮೇಲೆ ಕಾಲಿಟ್ಟರೆ ಲೋಳೆ ಜಾರುತ್ತದೆ, ಅಲ್ವಾ? ಅದರ ತುಂಬ ಬ್ಯಾಕ್ಟೀರಿಯಾ. ಕೊಳೆತ ಎಲೆ, ಸಗಣಿ, ಸತ್ತ ಮೀನು, ಏನು ಬಂದರೂ ತಿಂದು ಮುಗಿಸುತ್ತವೆ. ಆದರೆ ತಿನ್ನುವಾಗ ಅವಕ್ಕೂ ಉಸಿರು ಬೇಕು. ನೀರಿನಲ್ಲಿ ಕರಗಿದ ಆಮ್ಲಜನಕವೇ ಆ ಉಸಿರು.

ಅದು ಇರುವುದೇ ಸ್ವಲ್ಪ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 8 ಮಿಲಿಗ್ರಾಂ ಹಿಡಿಯುತ್ತದೆ, ಅಷ್ಟೇ. ಒಂದು ಲೀಟರ್ ಚರಂಡಿ ನೀರಿನ ಹೊಲಸನ್ನು ತಿಂದು ಮುಗಿಸಲು ಬೇಕಾಗುವುದು ಸುಮಾರು 200 ಮಿಲಿಗ್ರಾಂ, ಕೆಲವೊಮ್ಮೆ ಇನ್ನೂ ಜಾಸ್ತಿ. ಅಂದರೆ 25 ಲೀಟರ್ ಒಳ್ಳೆಯ ನೀರಿನ ಉಸಿರು. ಬೇಸಿಗೆಯಲ್ಲಿ ವೃಷಭಾವತಿಯಲ್ಲಿ ಹರಿಯುವುದು ಬಹುತೇಕ ಬೆಂಗಳೂರಿನ ಚರಂಡಿ ನೀರೇ. ಆ 25 ಲೀಟರ್ ಎಲ್ಲಿಂದ ತರೋಣ?

ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡುತ್ತಿದ್ದೆ. ಒಮ್ಮೆ ಮಕ್ಕಳನ್ನು ಕೆಂಗೇರಿ ಬಳಿ ಇದೇ ನದಿಗೆ ಕರೆದುಕೊಂಡು ಹೋದೆ. ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಎರಡು ರಾಸಾಯನಿಕ ಹಾಕುತ್ತೇವೆ. ಆಮ್ಲಜನಕ ಇದ್ದರೆ ಕಂದು ಗಷ್ಟು ಇಳಿಯುತ್ತದೆ, ಇಲ್ಲದಿದ್ದರೆ ಬಿಳಿ. ತುಂಗೆಯ ನೀರಿನಲ್ಲಿ ಕಾಫಿ ಬಣ್ಣ ನೋಡಿದ್ದ ಮಕ್ಕಳಿಗೆ ಇಲ್ಲಿ ಬರೀ ಮಾಸಲು ಬಿಳಿ ಕಂಡಿತು. ‘ಮೇಡಂ, ತಪ್ಪು ಮಾಡಿದ್ವಿ’ ಅಂತ ಮತ್ತೆ ಮಾಡಿದರು. ಮೂರು ಸಲವೂ ಬಿಳಿಯೇ. ಒಬ್ಬ ಹುಡುಗಿ ಬಾಟಲಿ ಹಿಡಿದು ಸುಮ್ನೆ ನಿಂತುಬಿಟ್ಟಳು. ಆ ಮುಖ ನಾನು ಮರೆತಿಲ್ಲ.

ಉಸಿರು ಮುಗಿದಾಗ ಬೇರೆ ಬ್ಯಾಕ್ಟೀರಿಯಾಗಳ ಸರದಿ ಬರುತ್ತದೆ. ಅವಕ್ಕೆ ಆಮ್ಲಜನಕ ಬೇಡ, ನೀರಿನಲ್ಲಿರುವ ಸಲ್ಫೇಟ್ ಎಂಬ ಗಂಧಕದ ಲವಣ ಸಾಕು. ಅವು ಬಿಡುವ ಗ್ಯಾಸ್ ಹೈಡ್ರೋಜನ್ ಸಲ್ಫೈಡ್. ನಿಮ್ಮ ಮೂಗಿಗೆ ಬಡಿಯುವ ಮೊಟ್ಟೆ ವಾಸನೆ ಅದೇ. ಕೆಸರಿನ ಕಬ್ಬಿಣದ ಜೊತೆ ಸೇರಿದರೆ ನೀರು ಕಪ್ಪು, ಗಾಳಿಗೆ ಬಂದು ಬೆಳ್ಳಿಗೆ ತಾಗಿದರೆ ಗೆಜ್ಜೆ ಕಪ್ಪು. ಉಜ್ಜಿದ್ದು ಸಾಲದೆ ಆದದ್ದಲ್ಲ, ಮಗಳನ್ನು ಬೈಯಬೇಡಿ.

ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಸುರಿಯಲು ದುಡ್ಡು ಖರ್ಚು ಮಾಡಬೇಡಿ. ಕೆಲಸಗಾರರು ನದಿಯಲ್ಲಿ ಬೇಕಾದಷ್ಟಿದ್ದಾರೆ, ಉಸಿರು ಕಟ್ಟಿ ಕೂತಿದ್ದಾರೆ. ಚರಂಡಿ ನೀರು ಶುದ್ಧೀಕರಿಸುವ ಘಟಕದಲ್ಲಿ ಮಾಡುವುದೂ ಇಷ್ಟೇ: ತೊಟ್ಟಿಗೆ ಗಾಳಿ ಊದಿ, ಇಂಥದೇ ಬ್ಯಾಕ್ಟೀರಿಯಾಗಳಿಗೆ ಹೊಲಸು ತಿನ್ನಿಸುತ್ತಾರೆ. ಮ್ಯಾಂಚೆಸ್ಟರಿನಲ್ಲಿ 1914ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಕೊಳಕು ನದಿಗೆ ಬೀಳುವ ಮೊದಲೇ ಅಲ್ಲಿ ಹಾದು ಬರಬೇಕು. ಕಾರ್ಖಾನೆಯ ಸೀಸ, ಕ್ರೋಮಿಯಂ ಮಾತ್ರ ಬೇರೆ ಮಾತು. ಲೋಹವನ್ನು ತಿಂದು ಇಲ್ಲವಾಗಿಸುವ ಬ್ಯಾಕ್ಟೀರಿಯಾ ಇಲ್ಲ. ಅದನ್ನು ಕಾರ್ಖಾನೆಯಲ್ಲೇ ತಡೆಯಬೇಕು.

ನೀವು ಕೇಳದ ಒಂದು ವಿಷಯ ನನ್ನನ್ನು ಕಾಡುತ್ತಿದೆ. ನಿಮ್ಮ ಮನೆಯ ಕುಡಿಯುವ ನೀರು ಎಲ್ಲಿಂದ? ಕೆರೆಯ ಹತ್ತಿರದ ಬಾವಿ ಅಥವಾ ಬೋರ್‌ವೆಲ್ ಆದರೆ ಪರೀಕ್ಷೆ ಮಾಡಿಸಿ. ಇ-ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಕಂಡರೆ ಮಲ ಸೇರಿದೆ ಎಂದರ್ಥ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಲೋಹ, ನೈಟ್ರೇಟ್ ಹೋಗುವುದಿಲ್ಲ. ಪರೀಕ್ಷೆಗೆ ಕೊಡುವಾಗ ಅವೆರಡನ್ನೂ ನೋಡಲು ಬರೆದುಕೊಡಿ. ವರದಿ ಬಂದ ಮೇಲೆ ನನಗೊಂದು ಪ್ರತಿ ಕಳಿಸಿ, ಅಂಕಿಗಳನ್ನು ಒಟ್ಟಿಗೆ ನೋಡೋಣ.